ಶಪಥಕ್ಕಲ್ಲ, ಮಾಡಿದ ಕೆಲಸಕ್ಕೆ ಸಹಿ ಹಾಕಿ

ಒಬ್ಬರೇ ಕೂತು ಆ್ಯಪ್ ಕಟ್ಟುವವರು, ಪಾಡ್‌ಕಾಸ್ಟ್ ಮಾಡುವವರು, ಮರ ಕೆತ್ತುವವರು, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು, ಇವರೆಲ್ಲರಿಗೂ ಒಂದೇ ಕಷ್ಟ. ಮೇಲೆ ಬಾಸ್ ಇಲ್ಲ, ಹಾಜರಿ ಪುಸ್ತಕ ಇಲ್ಲ, ಇವತ್ತು ಕೆಲಸ ಬಿಟ್ಟರೆ ಯಾಕೆ ಅಂತ ಕೇಳುವವರೂ ಇಲ್ಲ. ಮೊದಲ ತಿಂಗಳ ಹುರುಪು ಮೂರನೇ ತಿಂಗಳ ಹೊತ್ತಿಗೆ ಇಳಿದಿರುತ್ತದೆ. ಅದಕ್ಕೇ ಟೆಲಿಗ್ರಾಂ, ಡಿಸ್ಕಾರ್ಡ್, ವಾಟ್ಸಾಪ್‌ಗಳಲ್ಲಿ ಇಂಥವರ ಗುಂಪುಗಳು ಹುಟ್ಟಿಕೊಂಡಿವೆ. ‘ಈ ವಾರ ಇಷ್ಟು ಮುಗಿಸ್ತೀನಿ’ ಅಂತ ಎಲ್ಲರೆದುರು ಹೇಳುವುದು, ವಾರದ ಕೊನೆಗೆ ಲೆಕ್ಕ ಒಪ್ಪಿಸುವುದು.

ಇದರಿಂದ ಪ್ರಯೋಜನ ಇದೆಯಾ? ಇದೆ. ಆದರೆ ಹೇಳಿದ್ದಕ್ಕೆ ಬೆಲೆಯೋ, ಮಾಡಿದ್ದಕ್ಕೆ ಬೆಲೆಯೋ ಎಂಬುದರ ಮೇಲೆ ಅದು ನಿಂತಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಿಲ್ಪಿಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಸಹಿ ಎಲ್ಲಿ ಬೀಳಬೇಕು?

ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಲ್ಲಿನ ಪ್ರಸಿದ್ಧ ಮದನಿಕೆಯರಲ್ಲಿ ಹಲವನ್ನು ಕಡೆದವರು ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ. ಇದು ನಮಗೆ ಗೊತ್ತಾಗಿರುವುದು ಶಿಲ್ಪಗಳ ಮೇಲೇ ಇರುವ ಬರಹದಿಂದ. ಶಿಲ್ಪಿಯ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳಿಗೆ ಸವಾಲೆಸೆಯುವ ಬಿರುದು. ಅದೇ ಗುಡಿಯಲ್ಲಿ ಬೇರೆ ಶಿಲ್ಪಿಗಳ ಕೆಲಸವೂ ಇದೆ. ಅಂದರೆ ಕಸುಬು ಬಲ್ಲವರ ಕಣ್ಣೆದುರೇ ‘ಇದು ನನ್ನದು, ಪರೀಕ್ಷಿಸಿ’ ಅಂತ ಹೇಳಿದ ಹಾಗೆ.

ಗಮನಿಸಿ, ಆ ಸಹಿ ಬಿದ್ದಿರುವುದು ಮಾಡಿದ ಕೆಲಸದ ಮೇಲೆ. ನಮ್ಮ ಗುಂಪುಗಳಲ್ಲಿ ಹೆಚ್ಚು ಲೈಕ್ ಬೀಳುವುದು ಮಾಡಲಿರುವ ಕೆಲಸಕ್ಕೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಅಪಾಯವನ್ನು ತೋರಿಸಿವೆ. ‘ನಾನು ಇಂಥವನಾಗಬೇಕು’ ಎಂಬ ಗುರಿಯ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದಾಗ, ಆ ಗುರಿಗಾಗಿ ಜನ ಪಡುವ ಶ್ರಮ ಕಡಿಮೆಯಾಗಿತ್ತು. ಚಪ್ಪಾಳೆ ಮೊದಲೇ ಸಿಕ್ಕಿಬಿಟ್ಟರೆ ಮನಸ್ಸಿಗೆ ಅರ್ಧ ಗುರಿ ಮುಟ್ಟಿದಷ್ಟು ತೃಪ್ತಿ!

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿ ಬರೆಯುವವರಿಗೆ ಸಂಬಳ ಇಲ್ಲ. ಆದರೆ ಪ್ರತಿ ಲೇಖನದ ‘ಇತಿಹಾಸ’ ತೆರೆದರೆ ಯಾರು, ಯಾವಾಗ, ಏನು ಬದಲಿಸಿದರು ಎಲ್ಲವೂ ಸಿಗುತ್ತದೆ. ತಪ್ಪಿದ್ದರೆ ಇನ್ನೊಬ್ಬರು ತಿದ್ದುತ್ತಾರೆ, ಚರ್ಚೆ ಪುಟದಲ್ಲಿ ಕಾರಣ ಕೇಳುತ್ತಾರೆ. ನಾನು ಓದಿದ ಇಂಜಿನಿಯರಿಂಗ್‌ನಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಅಂತಾರೆ: ಹೊರಬಂದ ಫಲಿತಾಂಶವನ್ನು ಅಳೆದು, ಮುಂದಿನ ಹೆಜ್ಜೆ ಸರಿಪಡಿಸಿಕೊಳ್ಳುವುದು. ಅಳೆಯಲು ಏನೂ ಇಲ್ಲದಿದ್ದರೆ ಉಳಿಯುವುದು ಬರೀ ಗದ್ದಲ.

ಹಾಗಾಗಿ ಗುಂಪು ಕಟ್ಟುವವರಿಗೆ ನನ್ನ ಸಲಹೆ ಸರಳ. ಐದಾರು ಜನ ಸಾಕು. ಅವರಿಗೆ ನಿಮ್ಮ ಕಸುಬು ಗೊತ್ತಿರಲಿ. ವಾರಕ್ಕೊಂದು ದಿನ ನಿಗದಿ ಮಾಡಿ. ಅವತ್ತು ಪ್ಲಾನ್ ಬೇಡ. ಫೋಟೋ, ಫೈಲ್, ಮಾದರಿ, ಅರ್ಧಂಬರ್ಧವಾದರೂ ಸರಿ, ಮಾಡಿದ್ದನ್ನೇ ಮುಂದಿಡಿ. ಮಾಡದೇ ಬಂದವರನ್ನು ಬೈಯುವ ಬದಲು ‘ಏನು ಅಡ್ಡ ಬಂತು?’ ಅಂತ ಕೇಳಿ.

ಹುರುಪು ತುಂಬಲಾರದ ಕೊರತೆ

ಈ ಕೊನೆಯ ಪ್ರಶ್ನೆಯೇ ಮುಖ್ಯ. ದಾಸೋಜನಿಗೆ ಕಲ್ಲು ಹುಡುಕುವ ಚಿಂತೆ ಇರಲಿಲ್ಲ. ಗುಡಿ ಕಟ್ಟಿಸುತ್ತಿದ್ದವನು ರಾಜ. ಪಕ್ಕದ ಸೊರಬದ ಗುಡಿಗಾರರ ಮಾತು ಬೇರೆ. ಶ್ರೀಗಂಧದ ಕೆತ್ತನೆ, ಬೆಂಡಿನ ಬಾಸಿಂಗಗಳಿಗೆ ಹೆಸರಾದ ಸಮುದಾಯ ಅದು. ಕರ್ನಾಟಕದಲ್ಲಿ ಗಂಧದ ಮರ ಬಹುಕಾಲ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯಿಂದ ಜಮೀನಿನವರಿಗೆ ಮರದ ಹಕ್ಕು ಬಂತು. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮರವೇ ಕೈಗೆ ಸಿಗದ ಕುಶಲಕರ್ಮಿಗೆ ‘ದಿನಾ ಎರಡು ಗಂಟೆ ಕೂತು ಕೆಲಸ ಮಾಡಿ’ ಎಂಬ ಮೋಟಿವೇಶನ್ ಯಾವ ಉಪಕಾರ ಮಾಡೀತು?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ಅವಕಾಶವಿದೆ. ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಸಾಲ. ಇದಕ್ಕೆ ಅರ್ಜಿದಾರರು ಮೂರು ಹಂತದ ಪರಿಶೀಲನೆ ದಾಟಬೇಕು. ಸರಿ, ದಾಟಲಿ. ಆದರೆ ಕಚ್ಚಾವಸ್ತು ಸಿಗದಿದ್ದರೆ, ಅರ್ಜಿ ಕೊಳೆಯುತ್ತಾ ಬಿದ್ದಿದ್ದರೆ, ಅವರಿಗೆ ಲೆಕ್ಕ ಒಪ್ಪಿಸುವವರು ಯಾರು?

ಇಲ್ಲೇ ಗುಂಪಿನ ಅಸಲಿ ಶಕ್ತಿ ಇರುವುದು. ಒಬ್ಬರ ಅರ್ಜಿ ತಡವಾದರೆ ಅದು ಅವರ ಹಣೆಬರಹ ಅನ್ನಿಸುತ್ತದೆ. ಹತ್ತು ಜನರದ್ದು ಒಂದೇ ಮೇಜಿನಲ್ಲಿ ನಿಂತರೆ ಅದು ಆಡಳಿತದ ಲೋಪ. ಕೆಲಸದ ಫೋಟೋ ಹಾಕುವ ಅದೇ ಗುಂಪಿನಲ್ಲಿ ಅರ್ಜಿಯ ಸಂಖ್ಯೆ, ಕೊಟ್ಟ ದಿನ, ಗಡುವಿನ ದಿನವನ್ನೂ ಬರೆದಿಡಿ. ಸಕಾಲದ ಪಟ್ಟಿಯಲ್ಲಿರುವ ಸೇವೆಯಾದರೆ ಗಡುವು ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಉಳಿದದ್ದಕ್ಕೆ ಮಾಹಿತಿ ಹಕ್ಕು ಕಾಯ್ದೆ ಇದೆ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಒಬ್ಬಂಟಿಯಾಗಿ ದುಡಿಯುವವರಿಗೆ ಶಿಸ್ತು ಬೇಕು, ನಿಜ. ಆದರೆ ಮರ ಸಿಗದೆ, ಸಾಲ ಬಾರದೆ ಕೆಲಸ ನಿಂತಾಗಲೂ ‘ನಾನೇ ಸೋಮಾರಿ’ ಅಂತ ತಮ್ಮನ್ನೇ ಹಳಿದುಕೊಳ್ಳುವುದನ್ನು ಕಲಿಸುವ ಗುಂಪು ಯಾರಿಗೂ ಬೇಡ. ವಾರದ ಲೆಕ್ಕಕ್ಕೆ ಎರಡು ಕಾಲಂ ಇರಲಿ: ನಾನು ಏನು ಮಾಡಿದೆ, ನನಗೆ ಯಾರು ಏನು ಮಾಡಿಕೊಡಬೇಕಿತ್ತು.