ಎರಡೇ ಸ್ಥಾನಗಳ ಅಂತರ

ಮುಂಬಯಿ ಮಹಾನಗರಪಾಲಿಕೆಗೆ 2017ರ ಫೆಬ್ರುವರಿ 21ರಂದು ಜರಗಿದ ಚುನಾವಣೆಯ ಲೆಕ್ಕವನ್ನು ನಾವು ಮರೆಯುವಂತಿಲ್ಲ. ಒಟ್ಟು ಸ್ಥಾನಗಳು 227. ಬಹುಮತಕ್ಕೆ ಬೇಕಾದುದು 114. ಶಿವಸೇನೆಗೆ 84, ಭಾರತೀಯ ಜನತಾ ಪಕ್ಷಕ್ಕೆ 82, ಕಾಂಗ್ರೆಸ್ಸಿಗೆ 31 ದೊರೆತವು. ರಾಜ್ಯದ ಮಂತ್ರಿಮಂಡಲದಲ್ಲಿ ಜೊತೆಗಿದ್ದು ನಗರದಲ್ಲಿ ಎದುರುಬದುರಾಗಿ ನಿಂತ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಪಾಲಿಕೆ ಪೂರ್ತಿ ಒಲಿಯಲಿಲ್ಲ. 220ನೆಯ ವಾರ್ಡಿನಲ್ಲಂತೂ ಇವರಿಬ್ಬರ ಅಭ್ಯರ್ಥಿಗಳಿಗೂ ಸಮಸಮ ಮತಗಳು ಬಿದ್ದು, ಚೀಟಿ ಎತ್ತಿ ಭಾಜಪದವರು ಗೆದ್ದರೆಂದು ಸಾರಬೇಕಾಯಿತು. ಮತದಾನದ ದಿನ ಮನೆಯಲ್ಲೇ ಕುಳಿತ ಆ ವಾರ್ಡಿನ ಮಹಾಶಯರು ಏನೆಂದುಕೊಂಡರೋ!

ಮೇಯರ್ ಪದವಿಗೆ ಭಾಜಪ ಸ್ಪರ್ಧಿಸಲಿಲ್ಲ; ಮಾರ್ಚ್ 8ರಂದು ಶಿವಸೇನೆಯ ವಿಶ್ವನಾಥ ಮಹಾಡೇಶ್ವರರು ಆಯ್ಕೆಯಾದರು. ಅಕ್ಟೋಬರಿನಲ್ಲಿ ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಏಳು ಸದಸ್ಯರಲ್ಲಿ ಆರು ಮಂದಿ ಶಿವಸೇನೆಯನ್ನು ಸೇರಿದರು. ಮತದಾರರು ಎರಡೇ ಸ್ಥಾನಗಳಷ್ಟಿಟ್ಟ ಅಂತರವನ್ನು ಪಕ್ಷಾಂತರವು ಹಿಗ್ಗಿಸಿತು.

ಮೇಯರರ ಪೀಠವಾದರೋ ಬಹುಮಟ್ಟಿಗೆ ಗೌರವದ್ದು. 1888ರ ಕಾಯಿದೆಯಂತೆ ಕಾರ್ಯನಿರ್ವಹಣೆಯ ಅಧಿಕಾರ ರಾಜ್ಯ ಸರಕಾರ ನೇಮಿಸುವ ಆಯುಕ್ತರದು. ವೆಚ್ಚಕ್ಕೆ ಮಂಜೂರಾತಿ ಸ್ಥಾಯೀ ಸಮಿತಿಯದು. ಸಮಿತಿಯ ಬಲಾಬಲ ಸಭೆಯ ಬಲಾಬಲವನ್ನೇ ಅನುಸರಿಸುವುದರಿಂದ ಒಂದೊಂದು ಸ್ಥಾನಕ್ಕೂ ಅಷ್ಟು ಬೆಲೆ. ಪಾಲಿಕೆಯ ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದರೂ, ಚಾಳಿನ ನಲ್ಲಿಗೆ ನೀರು ಬೇಕೆಂದರೂ ನಮ್ಮವರು ಮೊದಲು ತಟ್ಟುವುದು ನಗರಸೇವಕರ ಬಾಗಿಲನ್ನು. 2022ರ ಮಾರ್ಚಿನಲ್ಲಿ ಅವಧಿ ಮುಗಿದು ಆ ಬಾಗಿಲು ಮುಚ್ಚಿತು. 2026ರ ಜನವರಿಯಲ್ಲಿ ಮತ್ತೆ ಚುನಾವಣೆ ನಡೆಯುವವರೆಗೂ ಆಯುಕ್ತರೇ ಆಡಳಿತಾಧಿಕಾರಿಯಾಗಿ, ಸಭೆಯೂ ತಾವೇ, ಸ್ಥಾಯೀ ಸಮಿತಿಯೂ ತಾವೇ ಆಗಿದ್ದರು.