ಕಂಡವರ ಸಾಕ್ಷ್ಯ

ಪಾಸ್ಖ ಹಬ್ಬದಂದು ಪ್ರಭುವಿನ ಪುನರುತ್ಥಾನವನ್ನು ಸಾರುವ ನಮ್ಮನ್ನು ಮನೆಯ ಮಕ್ಕಳು "ಅದಕ್ಕೆ ಆಧಾರವೇನು?" ಎಂದು ಕೇಳಿದರೆ ಗದರಿಸುವುದು ಸರಿಯಲ್ಲ. ಸಂತ ಪೌಲರು ಆ ಪ್ರಶ್ನೆಗೆ ಹೆದರಲಿಲ್ಲ. ಕ್ರಿಸ್ತರು ಪುನರುತ್ಥಾನರಾಗದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಒಪ್ಪಿಕೊಂಡರು. ಶಿಲುಬೆಯ ಮರಣವಾಗಿ ಸುಮಾರು 25 ವರ್ಷಗಳ ನಂತರ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪ್ರಭುವನ್ನು ಕಂಡವರ ಪಟ್ಟಿಯನ್ನೇ ಕೊಟ್ಟರು: ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಕೋಬ. ಆ ಐನೂರರಲ್ಲಿ ಬಹುಪಾಲು ಮಂದಿ ಇನ್ನೂ ಬದುಕಿದ್ದಾರೆಂದೂ ಸೇರಿಸಿದರು. ಬೇಕಾದವರು ಹೋಗಿ ವಿಚಾರಿಸಬಹುದಿತ್ತು!

ಶುಭಸಂದೇಶಗಳಲ್ಲಿ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಮಹಿಳೆಯರು. ಅಂದಿನ ಸಮಾಜದಲ್ಲಿ ಸ್ತ್ರೀಯರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿರಲಿಲ್ಲ. ಪ್ರೇಷಿತರೇ ಅವರ ಮಾತನ್ನು ಬರೀ ಹರಟೆಯೆಂದು ತಳ್ಳಿಹಾಕಿದ್ದನ್ನು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಥೆ ಕಟ್ಟುವವರು ತಮ್ಮ ಹಿರಿಯರನ್ನು ಹೀಗೆ ತೋರಿಸುತ್ತಿದ್ದರೇ?