ಎಡಿನ್‌ಬರೋದಲ್ಲಿ ಅಚ್ಚಾದ ಭಟ್ಕಳದ ನಾಯಿ

1727ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ಪುಸ್ತಕ ಅಚ್ಚಾಯಿತು. ಬರೆದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ಕಪ್ತಾನ. 1688ರಿಂದ 1723ರವರೆಗೆ ಪೂರ್ವದ ಬಂದರುಗಳನ್ನೆಲ್ಲ ಸುತ್ತಿ, ಕಂಡದ್ದು, ಕೇಳಿದ್ದು, ಅರ್ಧಂಬರ್ಧ ನೆನಪಿನಲ್ಲಿ ಉಳಿದದ್ದು ಎಲ್ಲವನ್ನೂ ಅದರಲ್ಲಿ ತುಂಬಿಬಿಟ್ಟಿದ್ದಾನೆ. ಆ ಪುಸ್ತಕದಲ್ಲಿ ನಮ್ಮ ಭಟ್ಕಳ ಇದೆ! ಹೌದು, ಮಂಗಳೂರು ಬಸ್ಸು ನಿಂತಾಗ ಇಳಿದು, ಚಹಾ ಕುಡಿದು, ಕಂಡಕ್ಟರ್ ಸೀಟಿ ಊದಿದೊಡನೆ ಓಡಿ ಹತ್ತಿಕೊಳ್ಳುತ್ತೇವಲ್ಲ, ಅದೇ ಭಟ್ಕಳ.

ಅದರಲ್ಲೊಂದು ನಾಯಿಯ ಕಥೆ ಬರುತ್ತದೆ. 1670ರ ಮಾತಂತೆ. ಭಟ್ಕಳದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಹಡಗಿನ ಕಪ್ತಾನನೊಬ್ಬ ಕೋಠಿಯ ಮುಖ್ಯಸ್ಥನಿಗೆ ಒಂದು ಬುಲ್‌ಡಾಗ್ ಉಡುಗೊರೆ ಕೊಟ್ಟು ಹೋದ. ಹಡಗು ಹೋದ ಮೇಲೆ ಕೋಠಿಯ ಹದಿನೆಂಟು ಮಂದಿ ನಾಯಿಯನ್ನು ಕಟ್ಟಿಕೊಂಡು ಬೇಟೆಗೆ ಹೊರಟರು. ಊರ ಬೀದಿಯಲ್ಲಿ ಅದು ಹಸುವೊಂದರ ಮೇಲೆ ಬಿದ್ದು ಕೊಂದೇಬಿಟ್ಟಿತು. ಊರು ಕೆರಳಿತು, ಹದಿನೆಂಟು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅದೇ ಊರಿನಲ್ಲಿ ಅವರಿಗೆ ಬೇಕಾದವರೂ ಕೆಲವರಿದ್ದರು. ದೊಡ್ಡ ಗುಂಡಿ ತೋಡಿ ಎಲ್ಲರನ್ನೂ ಒಟ್ಟಿಗೆ ಮಣ್ಣು ಮಾಡಿದವರು ಅವರೇ. ಗೋರಿಯ ಮೇಲಿಡಲು ಕಾರವಾರದ ಕೋಠಿಯಿಂದ ಅಕ್ಷರ ಕೆತ್ತಿದ ಕಲ್ಲು ಬಂತು. ಹ್ಯಾಮಿಲ್ಟನ್ ಹೇಳುವುದು ಇಷ್ಟು. ಹಡಗಿನವರ ಮಾತಿಗೆ ಉಪ್ಪು ತುಸು ಹೆಚ್ಚೇ ಬೀಳುತ್ತದೆ ಎನ್ನುವುದನ್ನು ಮರೆಯದೆ ಓದಿಕೊಳ್ಳಬೇಕು.

ಎಡಿನ್‌ಬರೋಕ್ಕೆ ಪ್ರವಾಸ ಹೋದವರೆಲ್ಲ ಅಲ್ಲಿನ ಬಾಬ್ಬಿ ಎಂಬ ನಾಯಿಯ ಪ್ರತಿಮೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಜಮಾನನ ಗೋರಿಯನ್ನು ಹದಿನಾಲ್ಕು ವರ್ಷ ಕಾದು 1872ರಲ್ಲಿ ಸತ್ತಿತು ಎಂದು ಆ ಊರು ನಂಬಿದ ನಾಯಿ ಅದು. ಪ್ರವಾಸಿಗರು ಸವರಿ ಸವರಿ ಅದರ ಮೂಗು ಹೊಳೆಯುತ್ತಿದೆ. ಗೋರಿ ಕಾದ ನಾಯಿಗೆ ಪ್ರತಿಮೆ ಎದ್ದಿತು, ಹದಿನೆಂಟು ಮಂದಿಯನ್ನು ಗೋರಿಗೆ ಕಳಿಸಿದ ನಮ್ಮ ಭಟ್ಕಳದ ನಾಯಿಯ ಹೆಸರು ಕೂಡ ಯಾರಿಗೂ ತಿಳಿಯದು. ಲಕ್ಷಗಟ್ಟಲೆ ಸುರಿದು ಅಲ್ಲಿಗೆ ಹೋಗುವ ಮೊದಲು, ಆ ಊರಿನ ಪುಸ್ತಕದಲ್ಲಿರುವ ನಮ್ಮ ಊರುಗಳನ್ನು ಬಸ್ಸಿನಲ್ಲೇ ನೋಡಿ ಬರೋಣ ಎಂದು ಹೊರಟೆವು. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾ ಮುಟ್ಟಿದರೆ ಸುಮಾರು 60 ಕಿಲೋಮೀಟರ್. ಅಷ್ಟರಲ್ಲಿ ಏನೇನಿದೆ ಮಾರಾಯ್ರೆ!

ಹ್ಯಾಮಿಲ್ಟನ್ ಬರುವ ಹೊತ್ತಿಗೆ ಭಟ್ಕಳದ ವೈಭವ ಮುಗಿದಿತ್ತು. ದೊಡ್ಡ ಪಟ್ಟಣವೊಂದರ ಅವಶೇಷ ಕಂಡೆ, ತಾಮ್ರವನ್ನೂ ಕಲ್ಲನ್ನೂ ಹೊದಿಸಿದ ಹತ್ತು ಹನ್ನೊಂದು ಸಣ್ಣ ಗುಡಿಗಳನ್ನು ಬಿಟ್ಟರೆ ಹೇಳುವಂಥದ್ದೇನೂ ಉಳಿದಿಲ್ಲ ಎನ್ನುತ್ತಾನೆ. ಆ ಕಲ್ಲಿನ ಮಾಡಿನ ಗುಡಿಗಳನ್ನು ಹುಡುಕಿಕೊಂಡು ಮೂಡಭಟ್ಕಳದ ಕಡೆ ಆಟೋ ಹತ್ತಿದೆವು. "ಎಂತ ನೋಡೂಕೆ ಬಂದ್ರಿ? ಮುರ್ಡೇಶ್ವರ ಆ ಬದಿಗೆ" ಎಂದರು ಆಟೋದವರು. ಖೇತಪೈ ನಾರಾಯಣ ದೇವಸ್ಥಾನ ಎಂದೆವು. ಕನ್ನಡಿಯಲ್ಲೇ ಒಮ್ಮೆ ನಮ್ಮನ್ನು ನೋಡಿ ಗಾಡಿ ತಿರುಗಿಸಿದರು.

ಹದಿನಾರನೆಯ ಶತಮಾನದ ಗುಡಿ, ಕಟ್ಟಿಸಿದವನು ಖೇತಪೈ ಎಂಬ ವ್ಯಾಪಾರಿ. ರಾಜನ ಗುಡಿಯಲ್ಲ, ಸಾಹುಕಾರನ ಗುಡಿ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಗಾತ್ರ ಚಿಕ್ಕದು, ಕೆಲಸ ಮಾತ್ರ ಹೇಳತೀರದು. ಹೊರಗೋಡೆಯ ಸುತ್ತ ರಾಮಾಯಣ ಪಟ್ಟಿಪಟ್ಟಿಯಾಗಿ ಸಾಗುತ್ತದೆ. ಒಂದೊಂದು ಆಕೃತಿಯೂ ಗೇಣಿನೊಳಗೆ. ಕಪಿಗಳ ಬಾಲವೊಂದೂ ಇನ್ನೊಂದರಂತಿಲ್ಲ. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದರೆ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ತಲೆ ಎತ್ತಿದರೆ ಇನ್ನೊಂದು ಬೆರಗು. ಮಾಡು ಇಳಿಜಾರು, ನಮ್ಮ ಕರಾವಳಿಯ ಮನೆಗಳ ಮಾಡೇ. ಆದರೆ ಹಂಚಲ್ಲ, ಸೋಗೆಯಲ್ಲ, ಅಗಲಗಲ ಕಲ್ಲಿನ ಹಲಗೆಗಳು! ಬಡಗಿ ಮರದಲ್ಲಿ ಮಾಡಬೇಕಾದ್ದನ್ನೆಲ್ಲ ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿ ತೋರಿಸಿದ್ದಾನೆ.

ಈ ಕಲ್ಲಿನ ಮಾಡು ಇನ್ನೊಬ್ಬ ಸ್ಕಾಟಿಷನ ನಿದ್ದೆ ಕೆಡಿಸಿತ್ತು. ಸ್ಕಾಟ್ಲೆಂಡಿನ ಏರ್ ಎಂಬ ಊರಲ್ಲಿ ಹುಟ್ಟಿದ ಜೇಮ್ಸ್ ಫರ್ಗ್ಯುಸನ್, ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು 1876ರಲ್ಲಿ ಪ್ರಕಟಿಸಿದವನು. ಕನ್ನಡ ಕರಾವಳಿಯ ಬಸದಿಗಳ ಮಾಡು ಕಂಡು, ಇಂಥದ್ದು ಮತ್ತೆ ಸಿಗುವುದು ನೇಪಾಳದಲ್ಲಿ ಎಂದು ಬರೆದ. ಹಿಮಾಲಯಕ್ಕೂ ಶರಾವತಿಗೂ ಎಲ್ಲಿಯ ನಂಟು? ನನಗನ್ನಿಸುವುದು ಇಷ್ಟೇ: ಜುಲೈ ಮಳೆಯಲ್ಲಿ ಇಲ್ಲಿ ಒಂದು ವಾರ ಕಳೆದಿದ್ದರೆ ಅವನು ನೇಪಾಳದವರೆಗೆ ಹೋಗುತ್ತಿರಲಿಲ್ಲ.

ಮಳೆ ಎಂದಾಗ ಇನ್ನೊಬ್ಬ ನೆನಪಾಗುತ್ತಾನೆ. ಗ್ಲಾಸ್ಗೋದ ಥಾಮಸ್ ಮನ್ರೋ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾಕ್ಕೆ ಮೊದಲ ಕಲೆಕ್ಟರ್ ಆಗಿ ಬಂದವನು, ಮರುವರ್ಷವೇ ಬಳ್ಳಾರಿ ಸೀಮೆಗೆ ವರ್ಗವಾಗಿ ಹೋದ. ಇಲ್ಲಿದ್ದಷ್ಟು ದಿನವೂ ಈ ಮಳೆಯನ್ನು ಬೈದದ್ದೇ ಬೈದದ್ದು. ಸ್ಕಾಟ್ಲೆಂಡಿನವನು ಮಳೆಗೆ ಬೇಜಾರು ಮಾಡಿಕೊಂಡನೆಂದರೆ ಅದು ನಮ್ಮ ಮಳೆಗೆ ಸಿಕ್ಕ ಪ್ರಶಸ್ತಿ ಎಂದೇ ತಿಳಿಯಬೇಕು. ಎಡಿನ್‌ಬರೋದಲ್ಲಿ ವರ್ಷವಿಡೀ ಬೀಳುವಷ್ಟನ್ನು ನಮ್ಮ ಕರಾವಳಿ ಜುಲೈ ಒಂದೇ ತಿಂಗಳಲ್ಲಿ ಮುಗಿಸಿಬಿಡುತ್ತದೆ.

ಭಟ್ಕಳ ಪೇಟೆಗೆ ಮರಳಿದರೆ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ, ಮುಂದೆ ಮಾನಸ್ತಂಭ. ಅಲ್ಲಿಂದ ಸ್ವಲ್ಪ ನಡೆದರೆ ಚಿನ್ನದ ಪಳ್ಳಿ ಎಂದು ಊರವರು ಕರೆಯುವ ಜಾಮಿಯಾ ಮಸೀದಿ. ವಿಜಯನಗರದ ಸೈನ್ಯಕ್ಕೆ ಅರಬ್ಬೀ ಕುದುರೆಗಳು ಬಂದಿಳಿದ ಬಂದರು ಇದು. ಕುದುರೆಯ ಹಿಂದೆ ಬಂದ ವ್ಯಾಪಾರಿಗಳು ಇಲ್ಲೇ ನೆಂಟಸ್ತನ ಮಾಡಿ ನೆಲೆಯೂರಿದರು ಎನ್ನುವುದು ಇಲ್ಲಿನ ನವಾಯತ ಮುಸ್ಲಿಮರ ನಂಬಿಕೆ. ಅವರಾಡುವ ನವಾಯತಿ ಕಿವಿಗೆ ಕೊಂಕಣಿ, ಬರೆದರೆ ಬಲದಿಂದ ಎಡಕ್ಕೆ ಅರಬ್ಬೀ ಮಾದರಿಯ ಲಿಪಿ! ಶಾವಿಗೆಯಲ್ಲೂ ಬಿರಿಯಾನಿ ಮಾಡುವ ಜನ. ನಾವೂ ತಿಂದೆವು. ಅಕ್ಕಿಯ ಬಿರಿಯಾನಿಗೆ ಇನ್ನು ಮೇಲೆ ಅಷ್ಟು ಮರ್ಯಾದೆ ಕೊಡಲಾರೆ. 1502ರಲ್ಲಿ ವಾಸ್ಕೋ ಡ ಗಾಮ ಇದೇ ಊರಿಗೆ ಫಿರಂಗಿ ತಿರುಗಿಸಿ ಕಪ್ಪವಾಗಿ ಅಕ್ಕಿ ಕೇಳಿದ್ದ. ಶಾವಿಗೆಯ ವಿಷಯ ಅವನಿಗೆ ತಿಳಿದಿರಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಭಟ್ಕಳ ಮಲ್ಲಿಗೆ ಕೊಂಡು ಹೊನ್ನಾವರದ ಬಸ್ಸು ಹತ್ತಿದೆವು. ಮೊಗ್ಗುಗಳನ್ನು ಒಂದಕ್ಕೊಂದು ಒತ್ತಿ, ನೂಲೇ ಕಾಣದ ಹಾಗೆ ಕಟ್ಟಿದ ದಂಡೆ. ಬಸ್ಸಿನ ಡೀಸೆಲ್ ವಾಸನೆಯನ್ನು ಶಿರಾಲಿ ಬರುವುದರೊಳಗೆ ಸೋಲಿಸಿಬಿಟ್ಟಿತು.

ಹೊನ್ನಾವರದಲ್ಲಿ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಸ್ಕಾಟಿಷನಲ್ಲ, ಮೊರಾಕ್ಕೋದವನು. ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದಿದ್ದ. ಆಗ ಜಮಾಲುದ್ದೀನ್ ಎಂಬ ಸುಲ್ತಾನ ಇಲ್ಲಿ ಆಳುತ್ತಿದ್ದ. ಈ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದಿಟ್ಟಿದ್ದಾನೆ. ಇನ್ನೊಮ್ಮೆ ಓದಿ. ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ! ಸುಮಾರು ಏಳುನೂರು ವರ್ಷದ ಹಿಂದೆ, ನಮ್ಮ ಹೊನ್ನಾವರದಲ್ಲಿ! ಮೆಕ್ಕಾದಿಂದ ದೆಹಲಿವರೆಗೆ ಸುತ್ತಿದವನು ಬಾಯಿ ಮೇಲೆ ಬೆರಳಿಟ್ಟದ್ದು ಇಲ್ಲಿ. ಮೀನು ಮಾರ್ಕೆಟ್ಟಿನ ಹತ್ತಿರ ಯೂನಿಫಾರಂ ಹಾಕಿದ ಹುಡುಗಿಯರ ಗುಂಪೊಂದು ಐಸ್‌ಕ್ಯಾಂಡಿ ತಿನ್ನುತ್ತ ಹೋಗುತ್ತಿತ್ತು. ಓಡಿಹೋಗಿ ಹೇಳಿಬಿಡೋಣವೇ ಎನ್ನಿಸಿತು. ಜೊತೆಯಲ್ಲಿದ್ದವರು ತಡೆದರು.

ಇದೇ ಹೊನ್ನಾವರದ ತಿಮ್ಮೋಜ 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕನಿಗೆ ಗೋವಾದ ದಾರಿ ತೋರಿಸಿದ್ದು. ಹೈದರಾಲಿ ಯುದ್ಧದ ಹಡಗು ಕಟ್ಟಿಸಿದ್ದೂ ಇಲ್ಲೇ. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಆ ಹಡಗುಗಳ ವಿಷಯವನ್ನು ಗುರುತು ಹಾಕಿಕೊಂಡ. ಅವನೂ ಸ್ಕಾಟಿಷನೇ, ಎಡಿನ್‌ಬರೋದಲ್ಲೇ ವೈದ್ಯ ಪದವಿ ಪಡೆದವನು! ಭಟ್ಕಳದಲ್ಲಿ 500 ಮನೆ ಎಂದು ಲೆಕ್ಕ ಬರೆದು ಮುಂದೆ ನಡೆದಿದ್ದ. ಯುದ್ಧಗಳಲ್ಲಿ ಬಳಲಿದ ಊರುಗಳೇ ಅವನಿಗೆ ಹೆಚ್ಚಾಗಿ ಕಂಡವು. ಅವನು ದೋಣಿಯಲ್ಲಿ ದಾಟಿದ ಶರಾವತಿಯ ಮೇಲೆ ಈಗ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಅದೇ ಹೊಳೆಗುಂಟ ಮೇಲೆ ಹೋದರೆ ಗೇರುಸೊಪ್ಪೆ. ಕಾಡಿನ ನಡುವೆ ನಗರಬಸ್ತಿಕೇರಿ, ಅಲ್ಲಿ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ಇಣುಕಿದರೂ ಎದುರಿಗೆ ತೀರ್ಥಂಕರ. ಹದಿನಾರನೆಯ ಶತಮಾನದಲ್ಲಿ ಇಲ್ಲಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದವಳು ಚೆನ್ನಭೈರಾದೇವಿ. ಪೋರ್ಚುಗೀಸರು ಅವಳೊಡನೆ ಜಗಳವಾಡುತ್ತಲೇ ಮೆಣಸಿನ ರಾಣಿ ಎಂದು ಹೆಸರಿಟ್ಟರು. ಯುರೋಪಿನ ಅಡುಗೆಮನೆಗಳ ಖಾರ ಈ ಹೆಂಗಸಿನ ಕೈಯಲ್ಲಿತ್ತು! ಎಡಿನ್‌ಬರೋ ತನ್ನ ರಾಣಿ ಮೇರಿಯ ಕೋಣೆಗಳಿಗೆ ಟಿಕೆಟ್ ಇಟ್ಟು ತೋರಿಸುತ್ತದೆ. ಇಬ್ಬರೂ ಒಂದೇ ಕಾಲದವರು. ಮೇರಿ ಸ್ಕಾಟ್ಲೆಂಡಿನಲ್ಲಿ ನಿಂತು ಆಳಿದ್ದು ಏಳು ವರ್ಷವೂ ತುಂಬಲಿಲ್ಲ. ನಮ್ಮ ರಾಣಿಯ ರಾಜಧಾನಿಯಲ್ಲಿ ಟಿಕೆಟ್ಟೂ ಇಲ್ಲ, ಚಹಾದಂಗಡಿಯೂ ಇಲ್ಲ. ನೀರಿನ ಬಾಟಲಿ ನೀವೇ ಒಯ್ಯಬೇಕು.

ಅವಳ ಹೆಸರಿನೊಂದಿಗೆ ಸೇರಿಕೊಂಡ ಮಿರ್ಜಾನ ಕೋಟೆ ಕುಮಟಾ ತಾಲ್ಲೂಕಿನದು, ಅಘನಾಶಿನಿಯ ಬದಿಗೆ. ಎಡಿನ್‌ಬರೋ ಕೋಟೆ ಕರಿಬಂಡೆಯ ಮೇಲೆ ಕೂತು ಊರನ್ನೆಲ್ಲ ಹೆದರಿಸುತ್ತದೆ. ಮಿರ್ಜಾನ ಯಾರನ್ನೂ ಹೆದರಿಸುವುದಿಲ್ಲ, ಹತ್ತಿರ ಹೋಗುವವರೆಗೆ ಕಾಣಿಸಿಕೊಳ್ಳುವುದೂ ಇಲ್ಲ. ಚಿರೆಕಲ್ಲಿನ ದಪ್ಪ ಗೋಡೆ, ದುಂಡು ಕೊತ್ತಳ, ಕಂದಕ, ಮೆಟ್ಟಿಲಿಳಿದು ಹೋಗುವ ಬಾವಿಗಳು. ಮಳೆಗಾಲದಲ್ಲಿ ಪಾಚಿ ಹಬ್ಬಿ ಕೋಟೆಗೆ ಕೋಟೆಯೇ ಹಸಿರು. ನಾವು ಹೋದ ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈಗೆ ಕೆಂಪು ಪುಡಿ. ಚಿರೆಕಲ್ಲಿನ ತೂತುಗಳಲ್ಲಿ ಕೆಂಜಿಗ ಸಾಲುಗಟ್ಟಿ ಹೋಗುತ್ತಿತ್ತು, ಕೊತ್ತಳದ ಮೇಲೆ ಕಾವಲಿಗಿದ್ದದ್ದು ಅದೊಂದೇ. ಪುರಾತತ್ವ ಇಲಾಖೆಯವರು 2000–01ರಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರುಗಳು ಸಿಕ್ಕವು. ಚೀನಾದ ಬಟ್ಟಲು ಮಿರ್ಜಾನದ ಮಣ್ಣಿನಲ್ಲಿ! ಅದರಲ್ಲಿ ಯಾರು ಏನು ಉಂಡರೋ, ಸೊಳೆಯ ಹುಳಿಯೋ ಬಳಚಿನ ಗಸಿಯೋ.

ಕುಮಟಾ ಪೇಟೆಯಲ್ಲಿ ನೋಡುವಂಥದ್ದೇನಿದೆ ಎಂದು ಯಾರೂ ಮೂಗು ಮುರಿಯಬೇಡಿ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು. ಆ ಕಪ್ಪುಮಣ್ಣಿನ ಹತ್ತಿಗೆ ಪೇಟೆಯಲ್ಲಿ ನಿಂತ ಹೆಸರೇ ಕುಮಟಾ. ಹತ್ತಿಗಿಡ ಬೆಳೆಯದ ಊರಿನ ಹೆಸರು ಹತ್ತಿಗೆ! ಬೆಳೆದವರು ಧಾರವಾಡದವರು, ಹೆಸರು ಹೊಡೆದುಕೊಂಡವರು ಕುಮಟಾದವರು. ಇದನ್ನು ಧಾರವಾಡದಲ್ಲಿ ಹೇಳುವಾಗ ಜಾಗ್ರತೆ.

ಈಗ ಇಲ್ಲಿ ಸ್ವಂತದ ಬೆಳೆಯೇ ಇದೆ. ಅಳ್ವೆಕೋಡಿಯ ಹತ್ತಿರ ಹೆದ್ದಾರಿಯ ಬದಿಗೆ ಬೇಸಿಗೆಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ದಂಟಿನ ಸಮೇತ ಜಡೆ ಹೆಣೆದು, ದೊಡ್ಡದು ಮೇಲೆ ಚಿಕ್ಕದು ಕೆಳಗೆ ಬರುವ ಹಾಗೆ ಕಟ್ಟಿರುತ್ತಾರೆ. "ಹಸೀದೇ ತಿಂದು ನೋಡಿ, ಕಣ್ಣಲ್ಲಿ ನೀರು ಬರೂದಿಲ್ಲ" ಎಂದು ಅಂಗಡಿಯ ಅಕ್ಕ ಒಂದನ್ನು ಕೊಯ್ದು ಕೈಗಿತ್ತರು. ಕಚ್ಚಿದರೆ ಗರಿಗರಿ, ಹಿಂದಿನಿಂದ ಸಣ್ಣ ಖಾರ. ಜಡೆಯ ಬೆಲೆ ಕೇಳಿದೆವು, ಹೇಳಿದರು. ಸ್ವಲ್ಪ ಕಡಿಮೆ ಮಾಡಿ ಎಂದೆವು. "ಎಲ್ಲಿಂದ ಬಂದ್ರಿ?" ಎಂದು ಕೇಳಿದರು. ಊರು ಹೇಳಿದ ಮೇಲಂತೂ ಒಂದು ರೂಪಾಯಿಯೂ ಇಳಿಯಲಿಲ್ಲ. ಎರಡು ಜಡೆ ಹೆಗಲಿಗೆ ಹಾಕಿಕೊಂಡು ಯಾಣದ ಬಸ್ಸು ಯಾವಾಗ ಎಂದು ವಿಚಾರಿಸಿದೆವು. ಆಗಲೇ ಹೋಯಿತಂತೆ.